ನಾಲ್ಕನೆಯ ಕಂಬ

ನನಗೊಬ್ಬಳು ಸವತಿ ಇದ್ದಾಳೆ. ವಯಸ್ಸು ಐನೂರರ ಹತ್ತಿರ. ಸೊಂಟ ಬಾಗಿದೆ, ಬೀದಿಯ ಕಡೆಗೆ ವಾಲಿದ್ದಾಳೆ, ಮಳೆ ಹಿಡಿದರೆ ಮೈಯೆಲ್ಲ ಮುಗ್ಗಲು ವಾಸನೆ. ಆದರೂ ನನ್ನ ಗಂಡ ಆಂಬ್ರೋಸ್ ಬೆಳಿಗ್ಗೆ ಎದ್ದವನೇ ನನ್ನ ಮುಖ ನೋಡುವ ಮೊದಲು ಅವಳ ಗೋಡೆಗೆ ಅಂಗೈ ಒತ್ತಿ ತೇವ ಏರಿದೆಯೇ ಎಂದು ನೋಡುತ್ತಾನೆ. ಅವಳ ಹೆಸರು ಪೆಟ್ಟಿಟ್ಸ್. ಪೆಟ್ಟಿಟ್ ಎಂಬ ಉಣ್ಣೆ ವ್ಯಾಪಾರಿ ಸತ್ತು ಎಷ್ಟು ತಲೆಮಾರಾಯಿತೋ, ಆಮೇಲೆ ಮನೆ ಎಷ್ಟು ಕೈ ದಾಟಿತೋ, ಸಫೋಕ್‌ನ ನಮ್ಮ ಹಳ್ಳಿಯವರ ಬಾಯಲ್ಲಿ ಇಂದಿಗೂ ಅದು ಪೆಟ್ಟಿಟ್ಸ್. ನಾವು ಫೆನ್ ಮನೆಯವರು ಇಡೀ ಬದುಕು ಇಲ್ಲಿ ಸವೆಸಿದ್ದೇವೆ. ನಮ್ಮ ಹೆಸರು ಅಂಚೆಪೆಟ್ಟಿಗೆಯ ಮೇಲೆ ಮಾತ್ರ ಇದೆ.

ಓಕ್ ಮರದ ಚೌಕಟ್ಟು, ನಡುವೆ ಹೆಣೆದ ಕಡ್ಡಿಗೆ ಮೆತ್ತಿದ ಮಣ್ಣು, ಅದರ ಮೇಲೆ ಸುಣ್ಣ, ತಲೆಗೆ ಹುಲ್ಲಿನ ಮಾಡು. ಇಷ್ಟೇ ಅವಳು. ಆದರೆ ಸಂರಕ್ಷಿತ ಮನೆ ಎಂದು ಸರ್ಕಾರ ಸಾರಿಬಿಟ್ಟಿದೆ, ಹಾಗಾಗಿ ಅವಳ ಮೈ ಮುಟ್ಟಬೇಕೆಂದರೆ ಜಿಲ್ಲಾ ಕಚೇರಿಯ ಅಪ್ಪಣೆ ಬೇಕು. ಅಡಿಗೆಮನೆಯ ಕಿಟಕಿಗೆ ಹೊಸ ಚಿಲಕ ಹಾಕಿಸಲು ನಾನು ಒಂದು ಇಡೀ ಚಳಿಗಾಲ ಕಾದಿದ್ದೇನೆ, ಸಂದಿಗೆ ಹಳೆಯ ಕಾಲುಚೀಲ ತುರುಕಿಕೊಂಡು.

"ಒಂದು ಚಿಲಕಕ್ಕೆ ಕಾಯೋಕಾಗಲ್ವ ಗ್ವೆಂಡಾ? ಅವಳು ಐನೂರು ವರ್ಷ ನಿಂತಿಲ್ವ?" ಎಂದಿದ್ದ ಆಂಬ್ರೋಸ್.

"ಅವಳಿಗೆ ನೆಗಡಿ ಆಗಲ್ಲ ಕಣೋ. ನನಗಾಗುತ್ತೆ. ಈ ಸಲ ಚಳಿಗಾಲಕ್ಕೆ ಲೋಸ್ಟಾಫ್ಟ್‌ಗೆ ಅಕ್ಕನ ಮನೆಗೆ ಹೋಗ್ತೀನಿ. ಅಲ್ಲಿ ಕಿಟಕಿ ಮುಚ್ಚಿದ್ರೆ ಮುಚ್ಕೊಳ್ಳುತ್ತೆ."

ಪ್ರತಿ ವರ್ಷ ನಾನು ಹೀಗೆ ಹೇಳುತ್ತೇನೆ, ಪ್ರತಿ ವರ್ಷ ಅವನು "ಹೂಂ" ಅನ್ನುತ್ತಾನೆ. ಆ "ಹೂಂ" ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅವನ ಪ್ರಾಣ ಇರುವುದು ಚಿತ್ರದ ಕೋಣೆಯಲ್ಲಿ. ಮನೆಯ ನಟ್ಟನಡುವೆ ಭಾರಿ ಇಟ್ಟಿಗೆಯ ಚಿಮಣಿಯೊಂದು ನೆಲದಿಂದೆದ್ದು ಮಾಡು ಸೀಳಿಕೊಂಡು ಹೋಗುತ್ತದೆ. ಅದರ ಈಚೆ ಮಗ್ಗುಲಿಗೆ ನಡುಮನೆ. ಅಲ್ಲಿ ಒಳಗೇ ಬೆಂಚು ಹಾಕಿ ಕೂರಬಹುದಾದಷ್ಟು ಅಗಲದ ಅಗ್ಗಿಷ್ಟಿಕೆ ಇದೆ. ಆಚೆ ಮಗ್ಗುಲು ಚಿತ್ರದ ಕೋಣೆಯ ಗೋಡೆ. ಮದುವೆಯಾದ ಮೊದಲ ಚಳಿಗಾಲ ಆ ಗೋಡೆಯ ಸುಣ್ಣ ಒಂದು ಕಡೆ ಹಪ್ಪಳದಂತೆ ಎದ್ದಿತ್ತು. ಆಂಬ್ರೋಸ್ ಉಗುರಿನಿಂದ ಕೆರೆದ. ಒಂದು ನಾಯಿಯ ಕಿವಿ ಕಾಣಿಸಿತು. ಅಷ್ಟೇ, ನನ್ನ ಹೊಸ ಸಂಸಾರ ಮುಗಿಯಿತು. ಶಾಲೆಯಲ್ಲಿ ಚರಿತ್ರೆ ಪಾಠ ಹೇಳಿ ಬರುವುದು, ಚಹಾ ಕುಡಿಯುವುದು, ಗೋಡೆಯ ಮುಂದೆ ಮೊಣಕಾಲೂರಿ ಸಣ್ಣ ಚೂರಿಯಿಂದ ಸುಣ್ಣದ ಪದರ ಬಿಡಿಸುವುದು. ವರ್ಷಗಳು ಕಳೆದವು. ಕೆಂಪು ಬಳ್ಳಿಗಳು ಬಂದವು, ಬೇಟೆನಾಯಿಗಳು ಬಂದವು, ಕೊನೆಗೆ ನಡುವೆ ಮೊಲ ಬಂತು. ಪ್ರಾಣ ಉಳಿಸಿಕೊಳ್ಳಲು ಓಡುತ್ತಲೇ ಕುತ್ತಿಗೆ ಹೊರಳಿಸಿ ಹಿಂದೆ ನೋಡುವ ಮೊಲ. ಅದರ ಕಣ್ಣು ಎಷ್ಟು ಜೀವಂತವಾಗಿದೆ ಎಂದರೆ ದೂರದ ಊರುಗಳಿಂದ ವಿದ್ವಾಂಸರು ಬಂದು ಅದರ ಮುಂದೆ ಸುಮ್ಮನೆ ನಿಂತು ಹೋಗಿದ್ದಾರೆ.

ನನಗೆ ಹೆರಿಗೆ ನೋವು ಶುರುವಾದಾಗ ಆಂಬ್ರೋಸ್ ಆ ಕಣ್ಣು ಬಿಡಿಸುತ್ತಿದ್ದ. ನಾನು ಬಾಗಿಲು ಹಿಡಿದು ನಿಂತು ಕೂಗಿದೆ. ಅವನು ತಿರುಗದೆಯೇ "ಒಂದು ನಿಮಿಷ" ಅಂದ. ಮಗಳು ಹುಟ್ಟಿ, ಬೆಳೆದು, ತನ್ನ ಮನೆ ಸೇರಿದಳು. ಆ ಒಂದು ನಿಮಿಷವನ್ನು ಮಾತ್ರ ನಾನು ಮರೆತಿಲ್ಲ.

ಸೆಪ್ಟೆಂಬರ್ ಬಂದರೆ ಹಳೆಯ ಮನೆಗಳವರು ಬಾಗಿಲು ತೆರೆದಿಟ್ಟು ಊರವರನ್ನೆಲ್ಲ ಒಳಗೆ ಬಿಡುವ ಪದ್ಧತಿ ನಮ್ಮಲ್ಲಿದೆ. ಆ ಶನಿವಾರ ಭಾನುವಾರ ಆಂಬ್ರೋಸ್ ಟೈ ಕಟ್ಟುತ್ತಾನೆ. ಬಡಗಿಗಳು ಮನೆಯ ಚೌಕಟ್ಟನ್ನು ಮೊದಲು ತಮ್ಮ ಅಂಗಳದಲ್ಲಿ ಜೋಡಿಸಿ, ಒಂದೊಂದು ಕಂಬದ ತಲೆಯಲ್ಲೂ ಉಳಿಯಿಂದ ಗೀಟು ಹಾಕಿ, ಮತ್ತೆ ಬಿಚ್ಚಿ ಗಾಡಿಯಲ್ಲಿ ತಂದು ಇಲ್ಲಿ ನಿಲ್ಲಿಸಿದರಂತೆ. ಅವನ ಭಾಷಣ ಶುರುವಾಗುವುದೇ ಅಲ್ಲಿಂದ. ಎರಡು ಕೋಣೆಗಳ ನಡುವಿನ ಸಾಲಿನಲ್ಲಿ ಮೊದಲ ಕಂಬಕ್ಕೆ ಒಂದು ಗೀಟು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಆಮೇಲೆ ಚಿಮಣಿ. ಚಿಮಣಿಯ ಆಚೆ ಐದನೆಯ ಕಂಬ.

"ನಾಲ್ಕನೇದು ಎಲ್ಲಿ ಹೋಯ್ತು, ಯಾರಾದ್ರೂ ಹೇಳಿ ನೋಡೋಣ?" ಎಂದು ಕೇಳಿ, ಯಾರೂ ಹೇಳದಿದ್ದರೆ ಖುಷಿಯಿಂದ ತಾನೇ ಹೇಳುತ್ತಾನೆ: "ಚಿಮಣಿ ಕಟ್ಟಿದವರು ಕಿತ್ತು ಒಲೆಗೆ ಹಾಕಿ ಚಳಿ ಕಾಯಿಸಿಕೊಂಡರು!" ಜನ ನಗುತ್ತಾರೆ. ನಾನು ಪಕ್ಕದ ಮೇಜಿನಲ್ಲಿ ಚಹಾ ಬಗ್ಗಿಸುತ್ತಾ ತುಟಿ ಆಡಿಸುತ್ತೇನೆ. ನನಗದು ಪ್ರಾರ್ಥನೆಗಿಂತ ಚೆನ್ನಾಗಿ ಬಾಯಿಪಾಠ ಬಂದಿದೆ.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ನಮ್ಮ ಕಡೆ ಹಳೆಯವರು ಚಿಮಣಿ ಕಟ್ಟುವಾಗ ಯಾರದಾದರೂ ಸವೆದ ಬೂಟೊಂದನ್ನು ಇಟ್ಟಿಗೆಯ ನಡುವೆ ಮುಚ್ಚಿಡುತ್ತಿದ್ದರು. ಹೊಗೆ ಹೋಗುವ ದಾರಿಯಿಂದ ಕೆಟ್ಟದ್ದು ಇಳಿದು ಬಂದರೆ ಬೂಟಿನೊಳಗೆ ಮನುಷ್ಯನಿದ್ದಾನೆಂದು ಮೋಸಹೋಗಿ ಅದರಲ್ಲೇ ಸಿಕ್ಕಿಬೀಳಲಿ ಎಂದು. ನಮ್ಮದೊಂದು ಮಗುವಿನ ಬೂಟು, ಅಂಗೈಯಷ್ಟು. ಅಗ್ಗಿಷ್ಟಿಕೆಯ ಒಳಗೆ, ಮೇಲಿನ ದಪ್ಪ ತೊಲೆಯ ಹಿಂದೆ ಒಂದು ಗೂಡಿದೆ. ಅದು ಇರುವುದು ಅಲ್ಲಿ. ಮನೆ ಬಿಟ್ಟು ಹೋಗಬಾರದು ಎಂಬುದು ನಿಯಮ. ಜನರಿಗೆ ತೋರಿಸಲು ಹೊರಗೆ ತೆಗೆಯುತ್ತೇವೆ, ಅವರು ಹೋದ ಮೇಲೆ ಮತ್ತೆ ಗೂಡು ಸೇರಿಸುತ್ತೇವೆ. ಆಂಬ್ರೋಸ್‌ನ ಭುಜ ಕೆಟ್ಟಿದೆ, ನನ್ನ ಕೈ ಸಣ್ಣದು, ಹಾಗಾಗಿ ಆ ಕೆಲಸ ನನ್ನದು.

ಆ ವರ್ಷ ಎರಡು ದಿನವೂ ಜಿಟಿಜಿಟಿ ಮಳೆ. ಬಂದವರು ನಡುಗುವುದನ್ನು ನೋಡಿ ಆಂಬ್ರೋಸ್ ಉಬ್ಬಿಹೋದ. "ಪೆಟ್ಟಿಟ್ ಹೆಂಗೆ ಬೆಂಕಿ ಹಾಕ್ತಿದ್ದನೋ ಹಂಗೇ ಹಾಕ್ತೀನಿ" ಎಂದು ತೋಳಿನಷ್ಟು ದಪ್ಪದ ಕೊರಡುಗಳನ್ನು ಪೇರಿಸಿದ. ಮಾಮೂಲಿನಲ್ಲಿ ನಾವು ಅಲ್ಲಿ ನಾಲ್ಕು ಚಕ್ಕೆ ಉರಿಸುವವರು. ಭಾನುವಾರ ಸಂಜೆಯವರೆಗೂ ಜ್ವಾಲೆ ಆಳೆತ್ತರ ಏಳುತ್ತಿತ್ತು. ಜನ ಕೈ ಕಾಯಿಸಿಕೊಂಡು, ಕೇಕ್ ತಿಂದು, ಮೊಲ ನೋಡಿ ಹೋದರು. ಸೋಮವಾರ ನಾನು ಬಟ್ಟೆ ಒಗೆದೆ. ಮಂಗಳವಾರ ಮಧ್ಯಾಹ್ನ ಬೂಟು ಹಿಡಿದು ಅಗ್ಗಿಷ್ಟಿಕೆಯೊಳಗೆ ಸ್ಟೂಲು ಹತ್ತಿದೆ.

ಕಾಲ ಕೆಳಗೆ ಬೂದಿ ತಣ್ಣಗಿತ್ತು. ಗೂಡಿಗೆ ಕೈ ಹಾಕಿದರೆ ರೊಟ್ಟಿ ತೆಗೆದ ಮೇಲಿನ ಒಲೆಯ ಹಾಗೆ ಬಿಸಿ.

ಮೊದಲು ನನಗೆ ಅರ್ಥವಾಗಲಿಲ್ಲ. ಬೂಟನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಮೊಣಕೈವರೆಗೆ ಕೈ ತೂರಿಸಿದೆ. ಅಷ್ಟು ಒಳಗೆ ನಾನು ಹಿಂದೆ ಯಾವತ್ತೂ ಹೋಗಿರಲಿಲ್ಲ. ಇಟ್ಟಿಗೆ ಮುಗಿದು ಬೆರಳಿಗೆ ಮರ ತಗುಲಿತು. ಮರದಲ್ಲಿ ಏನೋ ಗೀರುಗಳು. ಇನ್ನೂ ಸ್ವಲ್ಪ ಮುಂದಕ್ಕೆ ಬೆರಳು ಹೋದದ್ದೇ ಚುರ್ರೆಂದಿತು. ಕೈ ಎಳೆದುಕೊಂಡಾಗ ಅದರ ಜೊತೆಗೇ ಒಂದು ವಾಸನೆ ಬಂತು, ಇಸ್ತ್ರಿಪೆಟ್ಟಿಗೆ ಹೆಚ್ಚು ಹೊತ್ತು ಇಟ್ಟ ಬಟ್ಟೆಯಿಂದ ಬರುವಂಥ ವಾಸನೆ.

"ಆಂಬ್ರೋಸ್! ಬಾರೋ ಇಲ್ಲಿ!"

ಅಂಗಳದಲ್ಲಿದ್ದವನು ಸುಣ್ಣದ ಬ್ರಷ್ಷು ಹಿಡಿದೇ ಬಂದ. ಹೇಳಿದೆ. "ಇಟ್ಟಿಗೆ ಬಿಸಿ ಹಿಡ್ಕೊಳ್ಳುತ್ತೆ ಕಣೇ" ಅಂದ.

"ಭಾನುವಾರದಿಂದಲಾ? ಒಳಗೆ ಮರ ಇದೆ, ಅದು ಸುಡ್ತಿದೆ. ನನ್ನ ಬೆರಳು ನೋಡು."

"ಅದು ಮೇಲಿನ ತೊಲೆಯ ಹಿಂಬದಿ" ಅಂದ. ಆಮೇಲೆ ನನ್ನ ಬೆರಳು ನೋಡಿದ. ಅವನ ಮುಖದ ರಕ್ತ ಇಳಿದುಹೋಯಿತು. ಹಳೆಯ ಮನೆಯವರಿಗೆ ಈ ಭಯ ಬಿಡಿಸಿ ಹೇಳಬೇಕಾಗಿಲ್ಲ. ಇಟ್ಟಿಗೆಯ ಸಂದಿಯ ಗಾರೆ ಉದುರಿ, ದೊಡ್ಡ ಬೆಂಕಿಯ ಕಾವು ಒಳಗೆ ಅಡಗಿರುವ ಮರಕ್ಕೆ ತಾಗಿದರೆ, ಅದು ಉರಿಯುವುದಿಲ್ಲ. ಸದ್ದಿಲ್ಲದೆ ಕೆಂಡವಾಗುತ್ತಾ ದಿನಗಟ್ಟಲೆ ಮೇಲಕ್ಕೆ ತೆವಳುತ್ತದೆ. ಮಾಡಿನ ಹುಲ್ಲು ಮುಟ್ಟುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಮುಟ್ಟಿದ ಮೇಲೆ ಸಂಜೆಯೊಳಗೆ ಮನೆ ಇರುವುದಿಲ್ಲ. ನಮ್ಮ ಪಕ್ಕದ ಹಳ್ಳಿಯಲ್ಲಿ ಹಾಗೆ ಹೋದ ಮನೆಯ ಚಿಮಣಿಯೊಂದೇ ಹೊಲದಲ್ಲಿ ನಿಂತಿದೆ.

ನಾನು ಫೋನ್ ಮಾಡಿದೆ. ನಮ್ಮೂರಿನ ಅಗ್ನಿಶಾಮಕದವರು ಬೇರೆ ಬೇರೆ ಕಸುಬಿನವರು, ಕರೆ ಬಂದರೆ ಕೆಲಸ ಬಿಟ್ಟು ಓಡುವವರು. ಅವರ ನಾಯಕಿ ಲೋರ್ನಾ ಕೆರಿಜ್, ಮಾಂಸದಂಗಡಿಯವಳು, ಆಂಬ್ರೋಸ್‌ನ ಹಳೆಯ ಶಿಷ್ಯೆ. ಹೆಲ್ಮೆಟ್ಟಿನ ಕೆಳಗೆ ಅಂಗಡಿಯ ಪಟ್ಟೆ ಏಪ್ರನ್ ಇನ್ನೂ ಇಣುಕುತ್ತಿತ್ತು.

"ಸರ್, ಮೇಡಂ, ಇಬ್ಬರೂ ಹೊರಗೆ ನಿಲ್ಲಿ" ಅಂದಳು. ಆಂಬ್ರೋಸ್ ಕದಲಲಿಲ್ಲ. ನಾನೂ ಕದಲಲಿಲ್ಲ.

ಬಿಸಿ ತೋರಿಸುವ ಕ್ಯಾಮೆರಾ ಹಿಡಿದು ಅವಳು ಚಿಮಣಿಯ ಸುತ್ತ ತಿರುಗಿದಳು. "ಥೂ. ಇಡೀ ಇಟ್ಟಿಗೆ ರಾಶೀನೇ ಕಾದಿದೆ. ಎಲ್ಲಿ ನೋಡಿದ್ರೂ ಬೆಳ್ಳಗೆ ಕಾಣುತ್ತೆ. ಸರ್, ಒಳಗೆ ಮರ ಎಲ್ಲೆಲ್ಲಿದೆ ಅಂತ ನಿಮಗೇ ಗೊತ್ತಿರಬೇಕು. ಎಲ್ಲಿ ಒಡೀಲಿ?"

"ಮೇಲೆ" ಎಂದ ಆಂಬ್ರೋಸ್. ಅವನ ಧ್ವನಿ ಪಾಠ ಹೇಳುವ ಧ್ವನಿಯೇ ಆಗಿತ್ತು. "ಅಗ್ಗಿಷ್ಟಿಕೆಯ ತೊಲೆಯಿಂದ ಕಾವು ಮೇಲಿನ ಅಟ್ಟದ ಅಡ್ಡಮರಕ್ಕೆ ಹೋಗಿರುತ್ತೆ. ಮಲಗೋ ಕೋಣೆಯ ಹಲಗೆ ಎಬ್ಬಿಸಿ."

"ಚಿತ್ರದ ಕೋಣೆ ಕಡೆಯಿಂದ ಒಡೆದ್ರೆ ಬೇಗ ಆಗಲ್ವ?"

"ಅಲ್ಲಿ ಬರೀ ಇಟ್ಟಿಗೆ. ಆ ಗೋಡೆ ಮುಟ್ಟಿದ್ರೆ ಅಪರಾಧ, ಗೊತ್ತಾ? ಕಚೇರಿಯ ಅಪ್ಪಣೆ ಇಲ್ಲದೆ ಒಂದು ಮೊಳೆ ಹೊಡೆಯೋ ಹಾಗಿಲ್ಲ."

"ಬೆಂಕಿ ಅಪ್ಪಣೆ ಕೇಳ್ಕೊಂಡು ಬಂದಿಲ್ಲ ಸರ್" ಅಂದಳು ಲೋರ್ನಾ. ಆದರೂ ತನ್ನವರನ್ನು ಮೇಲಕ್ಕೆ ಕಳಿಸಿದಳು. ಶಾಲೆಯಲ್ಲಿ ಕಲಿಸಿದವನ ಮಾತನ್ನು ಯಾರು ತೆಗೆದುಹಾಕುತ್ತಾರೆ?

ತಲೆಯ ಮೇಲೆ ಹಲಗೆಗಳು ಕಿರ್ರೆಂದು ಏಳತೊಡಗಿದವು. ಒಂದೊಂದು ಸದ್ದಿಗೂ ಆಂಬ್ರೋಸ್ ತನ್ನ ಹಲ್ಲೇ ಕೀಳಿಸಿಕೊಳ್ಳುವವನಂತೆ ಮುಖ ಕಿವಿಚುತ್ತಿದ್ದ. ನಾನು ಕಿಟಕಿಯಿಂದ ಮಾಡು ನೋಡುತ್ತಿದ್ದೆ. ಸೂರಿನ ಕೆಳಗೆ ಹುಲ್ಲಿನ ಅಂಚಿನಲ್ಲಿ ತೆಳ್ಳಗೆ ಏನೋ ಎದ್ದ ಹಾಗಿತ್ತು. ಮಳೆಯ ಹಬೆ ಇರಬಹುದೆಂದುಕೊಂಡೆ, ದೇವರೇ ಹಬೆಯಾಗಿರಲಿ ಎಂದುಕೊಂಡೆ. ಅದು ಹಬೆಯಾಗಿರಲಿಲ್ಲ.

ಲೋರ್ನಾ ಮೆಟ್ಟಿಲು ಇಳಿದು ಬಂದಳು. "ಅಡ್ಡಮರ ತಣ್ಣಗಿದೆ ಸರ್. ತೊಲೆ ಹಿಂದೇನೂ ನೋಡಿದ್ವಿ, ಒಂದು ಕಪ್ಪು ಚುಕ್ಕೆ ಇಲ್ಲ. ಬೆಂಕಿ ಬೇರೆ ಎಲ್ಲೋ ಇದೆ, ಹೊಗೆ ಮಾಡಿಗೆ ಬಂತು. ನನ್ನ ಹುಡುಗರನ್ನ ಇದರ ಕೆಳಗೆ ನಿಲ್ಲಿಸಲ್ಲ. ಎಲ್ಲರೂ ಹೊರಗೆ. ಹೊರಗಿಂದ ಹುಲ್ಲು ಕತ್ತರಿಸಿ ಎಷ್ಟು ಉಳಿಯುತ್ತೋ ಅಷ್ಟು ಉಳಿಸ್ತೀವಿ."

ಆಂಬ್ರೋಸ್ ಚಿತ್ರದ ಕೋಣೆಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟ, ಎರಡೂ ಕೈ ಚಾಚಿ, ನಾಯಿಗಳಿಗೂ ಮೊಲಕ್ಕೂ ಅಡ್ಡವಾಗಿ. ಇವನು ಬರುವುದಿಲ್ಲ ಎಂದು ನನಗೆ ಗೊತ್ತಾಯಿತು. ಇವಳ ಜೊತೆ ಸುಟ್ಟುಹೋದರೂ ಸರಿ, ನನ್ನ ಜೊತೆ ಹೊರಗೆ ಬರುವುದಿಲ್ಲ. ಸಿಟ್ಟು, ಹೊಟ್ಟೆಕಿಚ್ಚು, ಅಳು ಎಲ್ಲವೂ ಒಟ್ಟಿಗೆ ಬಂತು. ಏಪ್ರನ್ನಿನ ಜೇಬಿನಲ್ಲಿದ್ದ ಬೂಟನ್ನು ಹಿಸುಕಿ ಹಿಡಿದೆ. ಸುಟ್ಟ ಬೆರಳು ಅದರ ಹೊಲಿಗೆಗೆ ಉಜ್ಜಿ ನೋವಾಯಿತು.

ಆಗ ಬೆರಳಿಗೇ ನೆನಪಾಯಿತು. ಆ ಗೀರುಗಳು.

ಅಗ್ಗಿಷ್ಟಿಕೆಯ ತೊಲೆಯನ್ನು ನಾನು ಎಷ್ಟು ವರ್ಷ ಒರೆಸಿಲ್ಲ? ಅದರಲ್ಲಿ ಗೀರಿಲ್ಲ. ಒಳಗೆ ನನ್ನ ಬೆರಳಿಗೆ ಸಿಕ್ಕಿದ್ದು ಉಳಿಯಿಂದ ಕಡಿದ ಗೀಟುಗಳು, ಒಂದರ ಪಕ್ಕ ಒಂದು, ಒಂದೇ ಉದ್ದ. ಕಣ್ಣು ಮುಚ್ಚಿ ಮತ್ತೆ ಬೆರಳಾಡಿಸಿದೆ, ಗಾಳಿಯಲ್ಲೇ. ಒಂದು, ಎರಡು, ಮೂರು, ನಾಲ್ಕು.

"ಆಂಬ್ರೋಸ್, ನಾಲ್ಕನೇ ಕಂಬ ಒಳಗೇ ಇದೆ."

ಅವನು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದ.

"ಅವರು ಕೀಳಲಿಲ್ಲ ಕಣೋ. ಅದನ್ನ ಹಾಗೇ ಬಿಟ್ಟು, ಅದಕ್ಕೇ ಒತ್ತಿ ಇಟ್ಟಿಗೆ ಕಟ್ಟಿದಾರೆ. ನಾಲ್ಕು ಗೀಟು, ನಾನು ಮುಟ್ಟಿದೀನಿ. ನಿನ್ನ ಬೆನ್ನ ಹಿಂದೆ ಇದೆ ಅದು. ಸುಡ್ತಿರೋದು ಅದೇ."

"ಸಾಧ್ಯ ಇಲ್ಲ. ಕಂಬ ಇಲ್ಲ. ನಾನು..." ಎಂದವನು ನಿಲ್ಲಿಸಿದ. ಕಂಬ ಇಲ್ಲವೆಂದು ತಾನು ಜನರಿಗೆ ವರ್ಷ ವರ್ಷ ಹೇಳುತ್ತಾ ಬಂದದ್ದನ್ನು ನೆನಪಿಸಲು ಹೊರಟಿದ್ದ.

"ಮೇಡಂ, ಖಾತ್ರಿನಾ?" ಲೋರ್ನಾ ಕೊಡಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ತಪ್ಪಾದ್ರೆ ಗೋಡೆನೂ ಹೋಗುತ್ತೆ, ಮಾಡೂ ಹೋಗುತ್ತೆ. ಎರಡು ಕಡೆ ನೋಡ್ಕೊಳ್ಳೋಕೆ ನನ್ನ ಹತ್ರ ಜನ ಇಲ್ಲ."

"ಒಂದು ನಿಮಿಷ" ಎಂದ ಆಂಬ್ರೋಸ್, ಗೋಡೆಯ ಕಡೆಗೆ ತಿರುಗಿ. "ಒಂದೇ ನಿಮಿಷ ಯೋಚನೆ ಮಾಡೋಕೆ ಬಿಡಿ."

ನನ್ನ ಬಾಯಿಂದ ಬಂದ ಧ್ವನಿ ನನ್ನದೇ ಎಂದು ನನಗೆ ಗೊತ್ತಾಗಲಿಲ್ಲ. "ಆ ನಿಮಿಷ ನೀನು ಆಗಲೇ ತಗೊಂಡಿದೀಯ ಆಂಬ್ರೋಸ್! ನಾನು ಬಾಗಿಲಲ್ಲಿ ನಿಂತು ಕೂಗ್ತಿದ್ದಾಗ ಇದೇ ಮೊಲದ ಮುಂದೆ ತಗೊಂಡಿದೀಯ. ಇನ್ನೊಂದು ಇಲ್ಲ. ನನ್ನ ಮಾತು ನಂಬದಿದ್ರೆ ಹೋಗಿ ನಿನ್ನ ಕೈಯೇ ಹಾಕಿ ನೋಡು, ಇಲ್ಲಾಂದ್ರೆ ನಾನೂ ಇಲ್ಲೇ ನಿಲ್ತೀನಿ. ಲೋರ್ನಾ ನಮ್ಮಿಬ್ಬರನ್ನೂ ಸೇರಿಸಿ ಗುಡಿಸ್ಕೊಂಡು ಹೋಗಲಿ."

ಅವನು ನನ್ನನ್ನು ನೋಡಿದ. ಮುಖವನ್ನೇ ನೋಡಿದ. ಆಮೇಲೆ ನನ್ನನ್ನು ದಾಟಿಕೊಂಡು ನಡುಮನೆಗೆ ಓಡಿದ. ಸ್ಟೂಲು ಹತ್ತಿ, ಕೆಟ್ಟ ಭುಜವನ್ನು ಗೂಡಿಗೆ ತುರುಕಿ, ನೋವಿಗೆ ಹಲ್ಲು ಕಚ್ಚಿದ. ಅವನ ತುಟಿ ಎಣಿಸುವುದು ಕಾಣುತ್ತಿತ್ತು. ನಾಲ್ಕನೆಯದಕ್ಕೆ ತುಟಿ ನಿಂತಿತು. ಚೀರಿ ಕೈ ಹಿಂದೆಗೆದ. ಬೆರಳ ತುದಿಗಳು ಬೆಳ್ಳಗಾಗಿದ್ದವು.

ಅವನು ಚಿತ್ರದ ಕೋಣೆಗೆ ವಾಪಸು ಬಂದದ್ದು ಮಾತ್ರ ನಿಧಾನವಾಗಿ. ಮೂರನೆಯ ಕಂಬದಿಂದ ಗೇಣು ಹಾಕುತ್ತಾ ಬಂದ, ಐದನೆಯದರಿಂದಲೂ ಹಾಕಿದ. ಕಂಬಗಳ ನಡುವಿನ ಅಂತರ ಒಂದೇ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎರಡು ಕಡೆಯ ಗೇಣುಗಳು ಸೇರಿದ ಜಾಗದಲ್ಲಿ ಅವನ ಸುಟ್ಟ ಬೆರಳು ನಿಂತಿತು.

ಅದು ಮೊಲದ ಕಣ್ಣಿನ ಮೇಲೆ ನಿಂತಿತ್ತು.

"ಇಲ್ಲಿ" ಎಂದ.

ಲೋರ್ನಾ ಕೊಡಲಿ ಎತ್ತಿದಳು, ಎತ್ತಿದವಳು ಹಾಗೇ ನಿಂತಳು. ಶಾಲೆಯಲ್ಲಿದ್ದಾಗ ಅವಳೂ ಎಲ್ಲರ ಜೊತೆ ಸಾಲಿನಲ್ಲಿ ಬಂದು ಈ ಮೊಲ ನೋಡಿದವಳೇ. "ಸರ್, ನೀವು ಹೊರಗೆ..."

"ಹೊಡಿ ಮಗು" ಎಂದ ಆಂಬ್ರೋಸ್. "ಹೇಗೂ ಒಡೀಬೇಕಲ್ಲ, ಸರಿಯಾಗಿ ಹೊಡಿ." ಅವನು ಕಣ್ಣು ಮುಚ್ಚಲಿಲ್ಲ. ನನ್ನ ಕೈ ಹುಡುಕಿ ಹಿಡಿದುಕೊಂಡ. ಸುಟ್ಟ ಕೈಗೆ ಸುಟ್ಟ ಕೈ, ಇಬ್ಬರಿಗೂ ನೋವಾಯಿತು, ಇಬ್ಬರೂ ಬಿಡಲಿಲ್ಲ.

ಮೊದಲ ಏಟಿಗೆ ಮೊಲದ ತಲೆ ಉದುರಿತು. ಎರಡನೆಯದಕ್ಕೆ ಗಾರೆಯ ದೊಡ್ಡ ಚಕ್ಕೆ ಕಳಚಿ ಬಿತ್ತು. ಅದರ ಹಿಂದಿನಿಂದ ದಟ್ಟ ಹಳದಿ ಹೊಗೆ ನುಗ್ಗಿತು. ಹೊಗೆಯ ನಡುವೆ ಕಂಬ ಕಂಡಿತು, ಒಂದು ಮಗ್ಗುಲು ತಲೆಯಿಂದ ಸೊಂಟದವರೆಗೆ ಕೆಂಪಗೆ. ಗಾಳಿ ಸಿಕ್ಕಿದ್ದೇ ತಡ, ಭುಗ್ಗೆಂದಿತು. "ನೀರು!" ಎಂದು ಲೋರ್ನಾ ಕೂಗಿದಳು, ಯಾರೋ ನಮ್ಮಿಬ್ಬರ ಕಾಲರ್ ಹಿಡಿದು ಹುಲ್ಲುಹಾಸಿಗೆ ಎಳೆದು ಹಾಕಿದರು. ಆಮೇಲೆ ಚುರಗುಟ್ಟುವ ಸದ್ದು, ಹಬೆ, ಕಂಬವನ್ನು ಕೆತ್ತಿ ಕೆತ್ತಿ ನೀರು ಕುಡಿಸುವ ಸದ್ದು. ಸೂರಿನ ಕೆಳಗಿನ ಹೊಗೆ ತೆಳುವಾಯಿತು, ಮತ್ತೆ ತೆಳುವಾಯಿತು, ಕೊನೆಗೆ ನಿಂತಿತು. ಮಾಡಿನ ಒಂದು ಹುಲ್ಲುಕಡ್ಡಿಯೂ ಹೋಗಲಿಲ್ಲ.

ಲೋರ್ನಾ ಮಸಿ ಮುಖದಲ್ಲಿ ಹೊರಗೆ ಬಂದು ಹೆಲ್ಮೆಟ್ ತೆಗೆದಳು. "ಇನ್ನೊಂದು ಸ್ವಲ್ಪ ಬಿಟ್ಟಿದ್ರೆ ಮಾಡು ಮುಟ್ಟೋದು. ಸರ್, ನಿಮ್ಮ ಮನೆ ಉಳೀತು."

"ಮೇಡಂಗೆ ಹೇಳು" ಎಂದ ಆಂಬ್ರೋಸ್. ಆಮೇಲೆ ಮಂಡಿಯ ಮೇಲೆ ತಲೆಯಿಟ್ಟು ಮಗುವಿನ ಹಾಗೆ ಅತ್ತ. ನಾನು ಅವನ ಬೆನ್ನು ಸವರಿದೆ. ನನಗೂ ಆ ಮೊಲ ಹೋದದ್ದಕ್ಕೆ ದುಃಖವಾಗಿತ್ತು. ಹಾಗಾಗುತ್ತದೆಂದು ನಾನು ಎಣಿಸಿರಲಿಲ್ಲ.

ಕಚೇರಿಯ ಮಿಸ್ ಪೋಲ್ ಬಂದು ನೋಡಿದಳು, ಗದರಿಸಲಿಲ್ಲ. ಚೂರುಗಳನ್ನು ಕೂಡಿಸಲು ಆಗುವುದಿಲ್ಲ, ಸುಟ್ಟ ಕಂಬವನ್ನು ಹಾಗೇ ಉಳಿಸಿ ಬಲ ಕೊಟ್ಟು, ತೂತನ್ನು ಸಾದಾ ಗಾರೆಯಿಂದ ಮುಚ್ಚಿ ಎಂದಳು. ಈಗ ಆ ಗೋಡೆಯಲ್ಲಿ ನಾಯಿಗಳೆಲ್ಲ ಬಿಳಿಯ ಜಾಗವೊಂದರ ಕಡೆಗೆ ಓಡುತ್ತಿವೆ.

ಗಾರೆ ಮೆತ್ತುವವರು ಬರುವ ಬೆಳಿಗ್ಗೆ ಆಂಬ್ರೋಸ್ ಮಗುವಿನ ಬೂಟನ್ನು ತಂದು ಕಂಬದ ಬುಡದಲ್ಲಿಟ್ಟ. ಇನ್ನು ಅದು ಹೊರಗೆ ಬರುವುದಿಲ್ಲ. ನಾನು ಚಹಾ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ನಿನ್ನ ಬೂಟು ಕೊಡು ಗ್ವೆಂಡಾ."

"ಯಾವುದು?"

"ಅವತ್ತು ಹಾಕ್ಕೊಂಡಿದ್ದೆಯಲ್ಲ, ಅದು."

"ತಲೆ ಕೆಟ್ಟಿದೆಯಾ? ಅದರ ಅಟ್ಟೆ ಕಿತ್ತುಹೋಗಿದೆ, ನೀರು ಕುಡಿದು ಸೊಟ್ಟಗಾಗಿದೆ."

"ಸವೆದಿದ್ದೇ ಇಡಬೇಕು. ಮನೆಯವರದ್ದೇ ಇಡಬೇಕು" ಎಂದ.

ಹಿತ್ತಿಲ ಬಾಗಿಲಿಂದ ತಂದು ಕೊಟ್ಟೆ. ಅವನು ಮಸಿಯನ್ನು ತೋಳಿಂದ ಒರೆಸಿ, ಲೇಸು ಬಿಗಿದು ಗಂಟು ಹಾಕಿದ. ಅವನ ಬೆರಳುಗಳ ಕಟ್ಟು ಇನ್ನೂ ಬಿಚ್ಚಿರಲಿಲ್ಲ, ಗಂಟಿಗೆ ಬಹಳ ಹೊತ್ತು ಹಿಡಿಯಿತು. ನಾಲ್ಕು ಗೀಟುಗಳ ಕೆಳಗೆ, ಆ ಪುಟ್ಟ ಬೂಟಿನ ಪಕ್ಕ, ನನ್ನದನ್ನು ನೆಟ್ಟಗೆ ನಿಲ್ಲಿಸಿದ. ಆಮೇಲೆ ಕೂತಲ್ಲಿಂದಲೇ ತಿರುಗಿ ಕೇಳಿದ, "ಲೋಸ್ಟಾಫ್ಟ್‌ಗೆ ಯಾವಾಗ ಹೋಗ್ತೀಯ?"

ಇಷ್ಟು ವರ್ಷದಲ್ಲಿ ಅವನು ಕೇಳಿದ್ದು ಅದೇ ಮೊದಲು. ಚಹಾ ಆರಿಹೋಗುತ್ತದೆ, ಕುಡಿ ಎಂದು ಲೋಟ ಕೊಟ್ಟೆ.

ಹೋಗಲಿಲ್ಲ. ಅಡಿಗೆಮನೆಯ ಕಿಟಕಿಯಿಂದ ಈಗಲೂ ಗಾಳಿ ಬರುತ್ತದೆ.